ಎತ್ತಿನ ಹಣೆಗೇರಿದ ಪಟ್ಟಿ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ಏಕಸಂಬಿಯ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಏನನ್ನೂ ಸರಿಯಾಗಿ ಹೇಳುತ್ತಿರಲಿಲ್ಲ. ಅಪ್ಪನಂತೂ ಬಾಯಿಗೆ ಬೀಗ ಜಡಿದುಕೊಂಡೇ ಹುಟ್ಟಿದವನು! ಮಿಲಿಟರಿಯಲ್ಲಿದ್ದ. ಯುದ್ಧ ಮುಗಿದ ಮೇಲೆ, ಎತ್ತುಗಳನ್ನು ಸಿಂಗರಿಸುವ ಕಾರಹುಣ್ಣಿಮೆಯ ಹಿಂದಿನ ದಿನ, ಸುಟ್ಟಿಗೆ, ಅಂದರೆ ರಜೆಗೆ, ಬಂದ. ಟ್ರಂಕು ಇಟ್ಟ, ಉಂಡ, ಮಲಗಿದ.

ಮರುದಿನ ಅಪ್ಪ ಕ್ಷೌರಕ್ಕೆ ಹೋದಾಗ ನಾನೂ ಅಕ್ಕನೂ ಟ್ರಂಕು ತೆರೆದೆವು. ಹಿತ್ತಾಳೆ ಪಾಲಿಶಿನ ವಾಸನೆ ಘಮ್ಮೆಂದಿತು. ತಳದಲ್ಲಿ ಕರವಸ್ತ್ರದೊಳಗೆ ಸುತ್ತಿಟ್ಟ, ತೋಳಿಗೆ ಹಚ್ಚುವ ಒಂಟಿ ಪಟ್ಟಿ. ಅಪ್ಪ ನಾಯಕ್ ದರ್ಜೆಯವನು, ಅವನ ತೋಳಿಗೆ ಎರಡು ಪಟ್ಟಿ. ಒಂದೇ ಪಟ್ಟಿ ಅವನಿಗಿಂತ ಕೆಳಗಿನ ಲಾನ್ಸ್ ನಾಯಕ್‌ನದು.

"ಅಪ್ಪಂದ ಹಳೇದ ಐತಿ. ಈಗೇನ ಮಾಡ್ತಾನ ಇದನ್ನ? ಎತ್ತಿಗೆ ಹಚ್ಚೂಣು" ಎಂದಳು ಅಕ್ಕ, ದೊಡ್ಡ ಶಾಣ್ಯಾಕಿ! ಎತ್ತಿನ ಹಣೆಯ ಗೊಂಡೆಗೆ ಹೊಲಿದೂಬಿಟ್ಟಳು. ಹೋಳಿಗೆ ತಿಂದು ಹೂರಣ ಅಂಟಿದ ಕೈಯಿಂದ ನಾನು ಆ ಗೊಂಡೆಯನ್ನು ಎತ್ತಿಗೆ ಕಟ್ಟಿದೆ. ಸಿಹಿ ವಾಸನೆಗೆ ಪಕ್ಕದ ಎತ್ತು ಕತ್ತು ಚಾಚಿ ಪಟ್ಟಿಯನ್ನು ಅಗಿಯತೊಡಗಿತು.

ಅಷ್ಟರಲ್ಲಿ ಅಪ್ಪ ಬಂದು ಎಳೆದು ಬಿಡಿಸಿದ. ಉಳಿದದ್ದು ಅರ್ಧ, ಅದೂ ಹಸಿರು ಜೊಲ್ಲಿನಲ್ಲಿ ನೆಂದಿತ್ತು.

"ಅಕ್ಕಲ್ ಐತೇನ್ಲೇ ನಿಮಗ? ಅದು ನಂದಲ್ಲೋ! ನನ್ನ ಗೆಳ್ಯಾಂದು. ಯುದ್ಧದಾಗ ಸತ್ತ. ಅವಂದಂತ ಉಳದದ್ದ ಇದೊಂದ. ನಾಳೆ ಕೊಕಟನೂರಿಗೆ ಹೋಗಿ ಅವರವ್ವಗ ಏನ ಕೊಡ್ಲಿ?"

ಇದನ್ನು ನಿನ್ನೆಯೇ ಹೇಳಲು ಏನು ಧಾಡಿಯಾಗಿತ್ತು! ಹೇಳಿದ್ದರೆ ಮುಟ್ಟುತ್ತಿದ್ದೆವೇ? ಈಗಲೂ ನೆನೆದರೆ ಅಪ್ಪನ ಮೇಲೆ, ಅಕ್ಕನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ ಸಿಟ್ಟು ಬರುತ್ತದೆ.

ಮರುದಿನ ಅಪ್ಪ ನನ್ನನ್ನೂ ಕೊಕಟನೂರಿಗೆ ಕರೆದೊಯ್ದ. ಅಲ್ಲಿ ಗೆಳೆಯನ ತಾಯಿಯ ಕೈಗೆ ಉಳಿದ ತುಂಡನ್ನು ಇಟ್ಟ, ಮತ್ತೆ ಅವನ ಬಾಯಿಗೆ ಬೀಗ! ಕೊನೆಗೆ ನಾನೇ ಹೇಳಿದೆ: "ಆಯೀ, ನಮ್ಮ ಎತ್ತು ತಿಂದೈತ್ರಿ. ತಪ್ಪ ನಂದ ಐತಿ."

ಗೆಳೆಯನ ತಾಯಿ ಆ ತುಂಡನ್ನು ಸೆರಗಿನಿಂದ ಒರೆಸಿದಳು. "ನನ್ನ ಮಗಾನೂ ಹಿಂಗ ಇದ್ದ. ಹೊಸಾ ಅಂಗಿ ಎತ್ತಿಗೆ ತೊಡಸಿ ಬೈಸಿಕೊಂಡಿದ್ದ" ಎಂದು ನಕ್ಕಳು. ನಗುತ್ತಲೇ ಅತ್ತುಬಿಟ್ಟಳು.

ಈಗ ನೀವು ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಸೈನಿಕರಾಗುತ್ತೀರಿ. ಭುಜಕ್ಕೆ ಕ್ಯಾಪ್ಟನ್ನನ ನಕ್ಷತ್ರ, ತೋಳಿಗೆ ಹವಾಲ್ದಾರನ ಪಟ್ಟಿ, ಎರಡೂ ಒಬ್ಬನಿಗೇ! ಯಾವ ಸೈನ್ಯದಲ್ಲಿ ಹೀಗಿದೆ? ಸಂಜೆಗೆ ಎಲ್ಲವೂ ಸೋಫಾದ ಕೆಳಗೆ. ಬಡಕೊಂಡು ಬಡಕೊಂಡು ನನಗೆ ಸಾಕಾಗಿದೆ. ಆದರೂ ನಿಮ್ಮ ಪುಣ್ಯ ದೊಡ್ಡದು, ಮಕ್ಕಳೇ. ನಿಮ್ಮ ಪಟ್ಟಿ ಕಳೆದರೆ ನಿಪ್ಪಾಣಿಯ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಆ ಆಯಿಗೆ ಮಗನದೆಂದು ಸಿಕ್ಕಿದ್ದು ಅರ್ಧ ಪಟ್ಟಿ, ಅದೂ ನನ್ನ ದೆಸೆಯಿಂದ.