ತೋಹಾರಿಯ ಸೈರನ್

ತುಮಿರಾಳ ಸಿಟ್ಟು ಎಷ್ಟಿದೆಯೆಂದು ತಿಳಿಯಲು ಅವಳ ಮುಖ ನೋಡಬೇಕಾಗಿಲ್ಲ, ಕತ್ತರಿಯ ಸದ್ದು ಕೇಳಿದರೆ ಸಾಕು. ಕರಿದ ತೋಫು, ಆಲೂಗಡ್ಡೆ, ಬಾಳೆಯೆಲೆಯಲ್ಲಿ ಬೇಯಿಸಿದ ಅನ್ನದ ಕಡುಬು ಎಲ್ಲವನ್ನೂ ತಟ್ಟೆಯ ಮೇಲೇ ಕತ್ತರಿಯಿಂದ ತುಂಡರಿಸಿ, ಕಡಲೆಕಾಯಿಗೆ ಸಿಗಡಿಯ ಕಪ್ಪು ರಸ ಸೇರಿಸಿ ಅರೆದ ಗೊಜ್ಜು ಸುರಿದು ಕೊಡುತ್ತಾಳೆ. ಆ ತಿಂಡಿಗೆ 'ತಾಹು ಟೆಕ್' ಎಂಬ ಹೆಸರು ಬಂದದ್ದೇ ಕತ್ತರಿಯ ಸದ್ದಿನಿಂದ. ಸಮಾಧಾನವಿದ್ದ ದಿನ ಟೆಕ್, ಟೆಕ್ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಸಿಟ್ಟಿನ ದಿನ ಕಾಲಿಸುಮುರ್ ಓಣಿಯ ಕೊನೆಯ ಮನೆಯವರೂ ಇವತ್ತು ಸಾಲ ಕೇಳುವುದು ಬೇಡವೆಂದು ಸುಮ್ಮನಾಗುತ್ತಾರೆ.

ಗಾಡಿ ಅವಳ ಗಂಡ ಮಾಡಿದ್ದು. ಒಡೆದ ದೋಣಿಯ ತೇಗದ ಹಲಗೆಗಳನ್ನು ಬಂದರಿನಿಂದ ಹೊತ್ತು ತಂದು, ಮೊಳೆ ಕಾಣದಂತೆ ಜೋಡಿಸಿ, ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿದ್ದ. ಆಮೇಲೆ ಕೆಲಸ ಹುಡುಕಿಕೊಂಡು ಕಡಲಾಚೆಯ ಕಾಲಿಮಂತಾನಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಅವನು ಮಾಡಿದ ಒಳ್ಳೆಯ ಕೆಲಸ ಆ ಗಾಡಿಯೊಂದೇ ಎಂದು ತುಮಿರಾ ಹೇಳುತ್ತಾಳೆ. ಗಂಡನಿಲ್ಲದೆ ಮೂವರು ಹೆಣ್ಣುಮಕ್ಕಳನ್ನು ಆ ಗಾಡಿಯೇ ಸಾಕಿತು. ಆದ್ದರಿಂದ ಅವಳು ಗಾಡಿಯನ್ನು ಒರೆಸುವ ಬಟ್ಟೆಯನ್ನು ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಗಾಡಿ ನಿಲ್ಲುತ್ತಿದ್ದುದು ಓಣಿಯ ಬಾಯಲ್ಲಿ, ದುಲ್ಗನಿಯ ಪಿಎಸ್ ಅಂಗಡಿಯ, ಅಂದರೆ ವಿಡಿಯೊ ಆಟದ ಅಂಗಡಿಯ, ಕಿಟಕಿಯ ಎದುರು. ಅಂಗಡಿಯೆಂದರೆ ಅವನ ಮನೆಯ ಮುಂಗೋಣೆ: ನಾಲ್ಕು ಟಿವಿ, ನಾಲ್ಕು ಆಟದ ಪೆಟ್ಟಿಗೆ, ನೆಲಕ್ಕೆ ಹರಿದ ಚಾಪೆ. ಗಂಟೆಗಿಷ್ಟು ಎಂದು ಬಾಡಿಗೆ. ಗೋಡೆಯ ಮೇಲೆ ಉಗುಳಬಾರದು, ಬಯ್ಯಬಾರದು ಎಂದು ಬರೆದಿತ್ತು. ಅದನ್ನು ಯಾರೂ ಪಾಲಿಸುತ್ತಿರಲಿಲ್ಲ. ಬರೆಯದೆ ಇದ್ದ ಒಂದು ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದರು. ಆಡುವ ಸ್ಟಿಕ್ ಮೇಲೆ ಯಾರ ಕೈಯಿದೆಯೋ ಸರದಿ ಅವರದು. ನೀರು ಕುಡಿಯಲೆಂದು ಕೈಬಿಟ್ಟರೂ ಸರದಿ ಹೋಯಿತು.

ತುಮಿರಾ ಆಟಕ್ಕೆ ಬಿದ್ದದ್ದು ಆ ನಿಯಮದಿಂದಲೇ. ಒಂದು ಮಧ್ಯಾಹ್ನ ಒಳಗೆ ತಟ್ಟೆ ಕೊಡಲು ಹೋದಾಗ ಒಬ್ಬ ಹುಡುಗ ಎರಡು ಕಾಲು ಹೆಣೆದುಕೊಂಡು ಒದ್ದಾಡುತ್ತಿದ್ದ. ಓಣಿಯವರೆಲ್ಲ ತುಮಿರಾಳನ್ನು 'ಮಾಕ್', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

"ಮಾಕ್, ಮಾಕ್, ಒಂದ್ನಿಮಿಷ ಇದನ್ ಹಿಡ್ಕೊಳ್ಳಿ. ಬಿಟ್ರೆ ಈ ಕೋತಿ ಕಿತ್ಕೊತಾನೆ."

"ನನ್ ಕೈಯೆಲ್ಲಾ ಎಣ್ಣೆ ಕಣೋ."

"ಇರ್ಲಿ ಬಿಡಿ. ಹಿಡ್ಕೊಳ್ಳಿ ಅಷ್ಟೇ. ಏನೂ ಒತ್ಬೇಡಿ."

ಅವಳು ಒತ್ತಿದಳು. ಪರದೆಯ ಮೇಲಿನ ಗಂಡಸು ಎದುರಿಗಿದ್ದ ಪೊಲೀಸನ ದವಡೆಗೆ ಒಂದು ಬಿಟ್ಟ. ಪೊಲೀಸ ಬಿದ್ದ. ತುಮಿರಾ ಇನ್ನೊಮ್ಮೆ ಒತ್ತಿದಳು. ಹುಡುಗ ವಾಪಸು ಬಂದಾಗ ಅವಳ ಕೈಯಿಂದ ಸ್ಟಿಕ್ ಬಿಡಿಸಲು ಅವನಿಗೆ ಆಗಲಿಲ್ಲ. ನಿಯಮ ನಿಯಮವೇ.

ಅಂದಿನಿಂದ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಅವಳು ಒಳಗೆ ಕೂರತೊಡಗಿದಳು. ಬಾಡಿಗೆಗೆ ಬದಲು ದುಲ್ಗನಿಗೆ ಒಂದು ತಟ್ಟೆ, ಮೊಟ್ಟೆ ಹಾಕಿ. ಕಿಟಕಿಯಿಂದ ಗಾಡಿ ಕಾಣುತ್ತಿತ್ತು. ಗಿರಾಕಿ ಬಂದು ಗಾಜಿಗೆ ತಟ್ಟಿದರೆ ಎದ್ದು ಹೋಗುತ್ತಿದ್ದಳು.

ಆ ಆಟದಲ್ಲಿ ಒಂದು ಇಡೀ ನಗರವಿದೆ. ಯಾವ ಬೀದಿಗಾದರೂ ಹೋಗಬಹುದು, ಯಾರ ಕಾರನ್ನಾದರೂ ಕಿತ್ತುಕೊಳ್ಳಬಹುದು. ಪೊಲೀಸರು ಬೆನ್ನುಹತ್ತಿದರೆ ಗ್ಯಾರೇಜಿಗೆ ನುಗ್ಗಿ ಕಾರಿನ ಬಣ್ಣ ಬದಲಿಸಿದರಾಯಿತು, ಹುಡುಕುವುದನ್ನೇ ಮರೆಯುತ್ತಾರೆ. ಹುಡುಗರಿಗೆ ಗುಂಡು ಹಾರಿಸುವುದು ಇಷ್ಟ. ತುಮಿರಾಳಿಗೆ ಅದು ಬೇಗ ಬೇಜಾರಾಯಿತು. ಅವಳು ಒಂದು ಲಾರಿ ಕದ್ದು, ಕಂಬಗಳಿರುವ ದೊಡ್ಡ ಸರ್ಕಾರಿ ಕಟ್ಟಡದ ಮೆಟ್ಟಿಲು ಹತ್ತಿಸಿ, ಅಲ್ಲೇ ನಿಲ್ಲಿಸುತ್ತಿದ್ದಳು. ಸುಮ್ಮನೆ ನಿಲ್ಲಿಸುತ್ತಿದ್ದಳು. ಇಲ್ಲೇಕೆ ನಿಲ್ಲಿಸಿದೆ, ಗುರುತಿನ ಚೀಟಿ ಎಲ್ಲಿ, ಯಾವ ಊರಿನವಳು ಎಂದು ಯಾರೂ ಕೇಳುತ್ತಿರಲಿಲ್ಲ. ಇಂಥ ಆಟಗಳಿಂದ ಜನ ಕೆಡುತ್ತಾರೆಂದು ಭಾಷಣ ಮಾಡುವವರಿದ್ದಾರೆ. ಅವರಲ್ಲಿ ಯಾರಿಗೂ ರಸ್ತೆಯಂಚಿನಲ್ಲಿ ಗಾಡಿ ನಿಲ್ಲಿಸಿ ಹೊಟ್ಟೆ ಹೊರೆಯುವ ಪ್ರಸಂಗ ಬಂದಿಲ್ಲ. ಬಂದಿದ್ದರೆ ಮೆಟ್ಟಿಲ ಮೇಲೆ ನಿಂತ ಆ ಲಾರಿಯ ಸುಖವೇನೆಂದು ಅವರಿಗೂ ಅರ್ಥವಾಗುತ್ತಿತ್ತು.

ಪಕ್ಕದ ಟಿವಿಯಲ್ಲಿ ದಿನವೂ ಆಡುತ್ತಿದ್ದವನು ತೋಹಾರಿ. ಅದೇ ಓಣಿಯವನು, ಇಪ್ಪತ್ನಾಲ್ಕರ ಪ್ರಾಯ. ಬೀದಿ ತೆರವು ದಳದಲ್ಲಿ ಗುತ್ತಿಗೆ ಕೆಲಸ. ಬೀದಿ ವ್ಯಾಪಾರಿಗಳ ಗಾಡಿ ಎತ್ತಿ ಲಾರಿಗೆ ತುಂಬುವುದೇ ದಳದ ಉದ್ಯೋಗ. ಡ್ಯೂಟಿ ಮುಗಿಸಿ, ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡು, ನೇರ ಚಾಪೆಗೆ ಬರುತ್ತಿದ್ದ. ನಮ್ಮಲ್ಲಿ ಸಿಗುವ ಡಿಸ್ಕುಗಳೆಲ್ಲ ನಕಲು. ನಕಲು ಮಾಡುವ ಹುಡುಗರು ಅಲ್ಲಿಗೇ ನಿಲ್ಲುವುದಿಲ್ಲ. ಆ ಪರದೇಶದ ನಗರಕ್ಕೆ ನಮ್ಮ ಹಳದಿ ವ್ಯಾನುಗಳನ್ನೂ ನಮ್ಮ ಕಾಫಿಪುಡಿಯ ಬೋರ್ಡುಗಳನ್ನೂ ತುರುಕುತ್ತಾರೆ. ಅಲ್ಲಿನ ಪೊಲೀಸರಿಗೆ ತೆರವು ದಳದ ಖಾಕಿ ತೊಡಿಸಿದ್ದೂ ಅವರೇ. ತೋಹಾರಿ ತನ್ನ ದಳದ ಲಾರಿಯ ಸೈರನ್ ಅನ್ನು ಫೋನಿನಲ್ಲಿ ಹಿಡಿದು ತಂದು ಡಿಸ್ಕ್ ಮಾಡುವವನಿಗೆ ಕೊಟ್ಟ. ಹೊಸ ಡಿಸ್ಕಿನಲ್ಲಿ ಪೊಲೀಸ್ ಗಾಡಿ ಬಂದಾಗಲೆಲ್ಲ ಆ ಸೈರನ್ನೇ, ಕೊನೆಯಲ್ಲಿ ಗಂಟಲು ಕಟ್ಟಿದ ಆಡಿನಂತೆ ಒಡೆಯುವ ಅದೇ ದನಿ. ಮೊದಲ ದಿನ ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿನ್ ಜೊತೆಯೋರ್ನೇ ಲಾರೀಲಿ ಹೊಸಕ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ತುಮಿರಾ ಕೇಳಿದ್ದಳು.

"ಇವನು ನಮ್ ಬಾಸು ಮಾಕ್. ನೋಡ್ತಿರಿ," ಎಂದು ತೋಹಾರಿ ಖಾಕಿಯವನೊಬ್ಬನ ಮೇಲೆ ಎರಡು ಸಲ ಚಕ್ರ ಹತ್ತಿಸಿದ. "ಬೆಳಗ್ಗೆ ಅವನು ಬೈತಾನೆ, ಸಂಜೆ ನಾನ್ ಸಾಯಿಸ್ತೀನಿ. ಲೆಕ್ಕ ಚುಕ್ತಾ."

ಅವಳಿಗೂ ನಗು ಬಂದಿತ್ತು. ಆ ನಗು ನೆನಪಾದಾಗಲೆಲ್ಲ ಈಗಲೂ ಅವಳ ಕತ್ತರಿ ಜೋರಾಗುತ್ತದೆ.

ಆ ಬುಧವಾರ ಪಡುವಣ ಬಿಸಿಲು ಟಿವಿಯ ಮೇಲೆ ಬೀಳುತ್ತಿದೆಯೆಂದು ದುಲ್ಗನಿ ಕಿಟಕಿಗೆ ಲುಂಗಿ ಕಟ್ಟಿದ್ದ. ತುಮಿರಾ ಲಾರಿ ಕದ್ದು ಮೆಟ್ಟಿಲ ಕಡೆ ಹೊರಟಿದ್ದಳು. ಪೊಲೀಸರು ಬೆನ್ನುಹತ್ತಿದರು. ಸೈರನ್ ಮೊಳಗಿತು. ಅವಳು ಬಯ್ಯುತ್ತ, ನಗುತ್ತ, ಒಬ್ಬ ಖಾಕಿಯವನನ್ನು ಉರುಳಿಸಿ ಎಡಕ್ಕೆ ತಿರುಗಿದಳು. ಸೈರನ್ ಜೋರಾಯಿತು.

"ಮಾಕ್, ಸೌಂಡ್ ಸ್ವಲ್ಪ ಕಮ್ಮಿ ಮಾಡಿ, ಕಿವಿ ಹೋಗ್ತಿದೆ," ಎಂದ ದುಲ್ಗನಿ ಅರೆನಿದ್ದೆಯಲ್ಲಿ.

ಅವಳು ಒಂದು ಕೈಯಿಂದ ಟಿವಿಯ ಗುಂಡಿ ಒತ್ತಿ ಸದ್ದು ಇಳಿಸಿದಳು. ಸೈರನ್ ಇಳಿಯಲಿಲ್ಲ. ಇನ್ನೂ ಇಳಿಸಿದಳು. ಟಿವಿ ಪೂರಾ ಮೂಕವಾಯಿತು. ಸೈರನ್ ಹಾಗೇ ಕೂಗುತ್ತಿತ್ತು, ಕೊನೆಯಲ್ಲಿ ಆಡಿನಂತೆ ಒಡೆಯಿತು.

ಅವಳು ಹೊರಗೆ ಓಡಿಬಂದಾಗ ಗಾಡಿ ಲಾರಿಯ ಮೇಲಿತ್ತು. ಗೊಜ್ಜು ಅರೆಯುವ ಕಲ್ಲು ರಸ್ತೆಯಲ್ಲಿ ಬಿದ್ದಿತ್ತು. ಲಾರಿಯ ಹಿಂಬಾಗಿಲಿನ ಚಿಲಕ ಹಾಕುತ್ತಿದ್ದವನು ತೋಹಾರಿ. ಅವನು ಅವಳನ್ನು ನೋಡಿದ, ತಲೆ ತಗ್ಗಿಸಿದ, ಲಾರಿ ಹೊರಟಿತು. ಚಪ್ಪಲಿಯಿಲ್ಲದ ಕಾಲಲ್ಲಿ ಅವಳು ಸಿಗ್ನಲ್‌ತನಕ ಓಡಿದಳು. ಸಿಗ್ನಲ್ ಹಸಿರಾಯಿತು.

ಸಂಜೆ ತೋಹಾರಿ ಅಂಗಡಿಗೆ ಬರಲಿಲ್ಲ. ಅವಳೇ ಅವನ ಮನೆ ಬಾಗಿಲಿಗೆ ಹೋದಳು.

"ಗಾಡಿ ಹತ್ರ ನೀವಿರ್ಲಿಲ್ಲ ಮಾಕ್," ಎಂದ ಅವನು. "ಮನುಷ್ಯರ ಕೈ ಇದ್ರೆ ಫೋಟೊ ತೆಗೀಬೇಕು, ಮಾತಾಡ್ಬೇಕು, ಸಹಿ ಮಾಡಿಸ್ಕೋಬೇಕು. ಯಾರೂ ಇಲ್ದಿದ್ರೆ ಎತ್ತೋದಷ್ಟೇ."

"ನಾನೆಲ್ಲಿದ್ದೆ ಅಂತ ನಿನಗ್ಗೊತ್ತಿತ್ತು."

ತೋಹಾರಿ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

"ಗೊತ್ತಿತ್ತೋ ಇಲ್ವೋ? ಬೊಗಳು."

"ಒಳಗಿಂದ ನಮ್ ಸೈರನ್ನೇ ಕೇಳಿಸ್ತಿತ್ತು. ನೀವು ಬೈತಿರೋದೂ ಕೇಳಿಸ್ತು."

"ಒಂದ್ ಸಲ ಮಾಕ್ ಅಂತ ಕೂಗಕ್ಕೆ ನಿನ್ ನಾಲಿಗೆ ಬಿದ್ದೋಗಿತ್ತಾ?"

"ಬಾಸು ಪಕ್ಕದಲ್ಲೇ ಇದ್ದ. ಕೂಗಿದ್ರೆ ನನ್ ಕೆಲ್ಸ ಹೋಗೋದು."

"ಅದೇ ಬಾಸು, ಅಲ್ವಾ? ದಿನಾ ಸಂಜೆ ನೀನ್ ಸಾಯಿಸೋನು."

ಅವನು ಬಾಗಿಲು ಮುಚ್ಚಲಿಲ್ಲ. ತುಮಿರಾ ಅವನ ಹೊಸ್ತಿಲಿಗೆ ಉಗಿದು ಹೊರಟುಬಂದಳು. ದಾರಿಯಲ್ಲಿ ತನಗೂ ಬೈದುಕೊಂಡಳು. ಸುಳ್ಳು ಖಾಕಿಯವರನ್ನು ಓಡಿಸಿ ಓಡಿಸಿ ಹೊಡೆಯುತ್ತಿದ್ದಾಗಲೇ ನಿಜವಾದ ಖಾಕಿಯವರು ಅವಳ ಅನ್ನ ಹೊತ್ತೊಯ್ದಿದ್ದರು.

ಗಾಡಿ ಬಿಡಿಸಿಕೊಳ್ಳಲು ಮರುದಿನ ಕಚೇರಿಗೆ ಹೋದಳು. ಕಿಟಕಿಯಾಚೆ ಕೂತವನು ಅವಳ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿ ವಾಪಸು ತಳ್ಳಿದ. ಬಾಯಲ್ಲಿ ಮಾತ್ರ 'ಬು', ಅಮ್ಮಾ ಎಂಬ ಮರ್ಯಾದೆಯಿತ್ತು.

"ಇದು ಲಾಮೊಂಗಾನ್ ಕಡೆ ಹಳ್ಳೀದು. ಈ ಊರಿನ ಚೀಟಿ ಇದ್ದೋರಿಗೆ ಮಾತ್ರ ಗಾಡಿ ಕೊಡೋದು, ಬು."

"ಎತ್ತೋವಾಗ ಯಾವೂರಿಂದು ಅಂತ ನೋಡಿದ್ರಾ?"

"ಬೇರೆಯವ್ರು ಕಾಯ್ತಿದಾರೆ, ಬು. ಜರುಗಿ."

ವಾರಸುದಾರರಿಲ್ಲದ ಮರದ ಗಾಡಿಗಳನ್ನು ಶುಕ್ರವಾರ ಬೆಳಗ್ಗೆ ಒಡೆದು ಸೌದೆ ಮಾಡುತ್ತಾರೆ. ಅದು ಬೀದಿಯಲ್ಲಿ ಮಾರುವವರಿಗೆಲ್ಲ ಗೊತ್ತಿರುವ ಸಂಗತಿ.

ಶುಕ್ರವಾರ ತುಮಿರಾ ದಳದ ಅಂಗಳದ ಎದುರು ನಿಂತಳು. ಆಟದಲ್ಲಾದರೆ ಲಾರಿ ನುಗ್ಗಿಸಿ ಗೇಟು ಕಿತ್ತುಹಾಕುತ್ತಿದ್ದಳು. ಇಲ್ಲಿ ಒಳಗೆ ಹೋಗುತ್ತಿದ್ದ ಲಾರಿಯ ಹಿಂದೆ, ಅದರ ಹೊಗೆ ಕುಡಿಯುತ್ತ ನಡೆದು ಹೋದಳು. ಗೋಡೆಯುದ್ದಕ್ಕೂ ಗಾಡಿಗಳ ಸಾಲು. ಇಬ್ಬರು ಕೂಲಿಗಳು ಸುತ್ತಿಗೆ ಹಿಡಿದು ಆಗಲೇ ಮೊದಲು ಮಾಡಿದ್ದರು. ಮಾಂಸದುಂಡೆ ಮಾರುವವನ ಗಾಡಿ ನೆಲಸಮವಾಗಿತ್ತು. ಗಾಜು ಒಡೆಯುವ ಸದ್ದಿಗೆ ಅಲ್ಲಿದ್ದ ಯಾರೂ ತಿರುಗಿ ಕೂಡ ನೋಡುತ್ತಿರಲಿಲ್ಲ. ತುಮಿರಾ ತನ್ನ ಗಾಡಿ ಹುಡುಕಿ, ಅದರ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ನಿಂತಳು.

ಮೇಲಧಿಕಾರಿ ವರ್ದೋಯೊ ಬಂದ. ಹಿಂದೆ ತೋಹಾರಿ. ಆಟದಲ್ಲಿ ದಿನವೂ ಸಾಯುತ್ತಿದ್ದ ಬಾಸು ಇವನೇ. ಎದುರಿಗೆ ನೋಡಿದರೆ ಸಣಕಲ, ಮೂಗಿಗೆ ಮುಲಾಮು ಹಚ್ಚಿಕೊಂಡಿದ್ದ.

"ಯಾರು ನೀವು? ಆಚೆ ನಡೀರಿ."

"ಗಾಡಿಯೋಳು."

"ಚೀಟಿ ಎಲ್ಲಿ?"

"ಚೀಟಿ ಹಳ್ಳೀದು, ಕೈ ಇಲ್ಲೇ ಇದೆ. ಮೊನ್ನೆ ಇದರ ಮೇಲೆ ಕೈ ಇರ್ಲಿಲ್ಲ ಅಂತ ಎತ್ಕೊಂಡ್ ಬಂದ್ರಿ. ಇವತ್ತು ಇದೆ. ಒಡೀರಿ ನೋಡೋಣ."

"ತೋಹಾರಿ, ಬಿಡಿಸಯ್ಯ."

ತೋಹಾರಿ ಹತ್ತಿರ ಬಂದು ಅವಳ ಮಣಿಕಟ್ಟು ಮುಟ್ಟಿದ.

"ಎಳಿ," ಎಂದಳು ತುಮಿರಾ. "ನನ್ ಪಕ್ಕ ಕೂತ್ಕೊಂಡು ದಿನಾ ಯಾರ್ನ ಹೊಸಕ್ತಿದ್ದೆ ಅಂತ ಹೇಳ್ಲಾ ಇವರಿಗೆ? ಹೆಸರು ಸಮೇತ ಹೇಳ್ಲಾ?"

ತೋಹಾರಿಯ ಕಿವಿ ಕೆಂಪಾಯಿತು. ಅವಳ ಮಣಿಕಟ್ಟಿನ ಮೇಲಿದ್ದ ಅವನ ಬೆರಳುಗಳು ಮೆಲ್ಲಗೆ ಸಡಿಲವಾದವು. ಹೆದರಿಕೆಯೋ, ಚಾಪೆಯ ಮೇಲೆ ಕಲಿತ ನಿಯಮವೋ, ಅವನಿಗೇ ಗೊತ್ತು.

"ಸರ್, ಕೈ ಇದೆ," ಎಂದ.

"ಅದೇನು ಹಾಗಂದ್ರೆ?"

"ಗಾಡಿ ಮೇಲೆ ಮನುಷ್ಯರ ಕೈ ಇದೆ ಸರ್. ನಾನ್ ಬಿಡಿಸಲ್ಲ."

ವರ್ದೋಯೊ ಅವನನ್ನು ತಳ್ಳಿ ತಾನೇ ಅವಳ ಬೆರಳುಗಳಿಗೆ ಕೈ ಹಾಕಿದ. ಕಿರುಬೆರಳು ಎತ್ತಿದರೆ ಹೆಬ್ಬೆರಳು ಬಿಗಿಯುತ್ತಿತ್ತು. ದಿನವಿಡೀ ಗೊಜ್ಜು ಅರೆದು, ಕತ್ತರಿ ಆಡಿಸಿ ಗಟ್ಟಿಯಾದ ಕೈ ಅದು. ಕೂಲಿಗಳು ಸುತ್ತಿಗೆ ಊರಿ ನಿಂತು ನೋಡತೊಡಗಿದರು. ಒಬ್ಬ ಹಲ್ಲು ಕಿರಿದ. ಅಷ್ಟರಲ್ಲಿ ಮಸೀದಿಯಿಂದ ಶುಕ್ರವಾರದ ನಮಾಜಿನ ಕರೆ ಕೇಳಿತು. ಅಂಗಳಕ್ಕೆ ಬೀಗ ಹಾಕಿ ಹೋಗುವ ಹೊತ್ತು. ಒಬ್ಬ ಹೆಂಗಸನ್ನು ಒಳಗೇ ಬಿಟ್ಟು ಬೀಗ ಹಾಕುವಂತಿರಲಿಲ್ಲ. ವರ್ದೋಯೊ ಬೆವರು ಒರೆಸಿಕೊಂಡ. ಅವನಿಗೆ ಕನಿಕರವೇನೂ ಬಂದಿರಲಿಲ್ಲ.

"ಚಕ್ರ ಬಿಚ್ಕೊಳ್ರೋ," ಎಂದು ಕೂಲಿಗಳಿಗೆ ಹೇಳಿದ. "ಉಳಿದಿದ್ದನ್ನ ಹೆಣ ಹೊರೋ ಹಾಗೆ ಹೊತ್ಕೊಂಡ್ ಹೋಗ್ಲಿ."

ಚಕ್ರ ಬಿಚ್ಚುವಾಗಲೂ ಅವಳು ಕೈ ತೆಗೆಯಲಿಲ್ಲ. ಕೂಲಿಗಳು ಗಾಡಿಯನ್ನು ಗೇಟಿನಾಚೆ ಎಳೆದಿಟ್ಟು ಬೀಗ ಹಾಕಿದರು. ಸುದ್ದಿ ಕೇಳಿದ ದುಲ್ಗನಿ ನಮಾಜು ಮುಗಿಸಿ ಮೂರು ಜನರನ್ನು ಕರೆತಂದ. ನಾಲ್ವರು ಗಾಡಿಯನ್ನು ಹೆಗಲಿಗೇರಿಸಿ ಹೆದ್ದಾರಿಯಂಚಿನಲ್ಲಿ ಹೊರಟರು. ಮೋಟಾರ್‌ಸೈಕಲ್ಲಿನ ಮುದುಕನೊಬ್ಬ ಬದಿಗೆ ನಿಲ್ಲಿಸಿ, ತಲೆ ಬಾಗಿಸಿ, ಸತ್ತವರಿಗಾಗಿ ಏನೋ ಗೊಣಗತೊಡಗಿದ.

"ಸತ್ತಿಲ್ಲ ಪಾ, ದಾರಿ ಬಿಡಿ," ಎಂದಳು ತುಮಿರಾ.

ಹಳೆಯ ಮೋಟಾರ್‌ಸೈಕಲ್ ಚಕ್ರಗಳು ಗಾಡಿಗೆ ಕೂತವು. ಗಾಡಿ ಈಗ ಸ್ವಲ್ಪ ಎತ್ತರ. ಗೊಜ್ಜು ಅರೆಯಲು ಅವಳು ತುದಿಗಾಲಲ್ಲಿ ನಿಲ್ಲಬೇಕು. ಚಕ್ರ ಕೂರಿಸಿದ ದಿನವೇ ಅವಳು ಅಂಗಡಿಯೊಳಗೆ ಹೋಗಿ ದುಲ್ಗನಿಯ ಮುಂದೆ ಕೈ ಚಾಚಿದಳು.

"ಆ ಡಿಸ್ಕ್ ಕೊಡಪ್ಪ."

"ಯಾವ್ದು?"

"ಸೈರನ್ ಇರೋದು."

ಹುಡುಗರು ಬೊಬ್ಬೆ ಹೊಡೆದರು. ಅವಳು ಯಾರಿಗೂ ಕಿವಿಗೊಡಲಿಲ್ಲ. ತೋಫು ಕತ್ತರಿಸುವ ಕತ್ತರಿಯನ್ನೇ ತೆಗೆದು ಡಿಸ್ಕನ್ನು ಎಂಟು ತುಂಡು ಮಾಡಿದಳು. ಓಣಿಯ ಕೊನೆಯ ಮನೆಯವರೂ ಸುಮ್ಮನಾದರು.

ದಳದವರು ತೋಹಾರಿಯ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಕೆಲವು ದಿನ ಬಿಟ್ಟು ಅವನು ಗಾಡಿಯ ಮುಂದೆ ಬಂದು ನಿಂತ.

"ಮಾಕ್, ಒಂದು ತಟ್ಟೆ."

ಅವಳು ಕತ್ತರಿಸಿದಳು, ಗೊಜ್ಜು ಸುರಿದಳು, ದುಡ್ಡು ಎಣಿಸಿ ತೆಗೆದುಕೊಂಡಳು. ಚಿಲ್ಲರೆಯನ್ನು ಅವನ ಕೈಗೆ ಕೊಡಲಿಲ್ಲ, ಹಲಗೆಯ ಮೇಲಿಟ್ಟಳು.

"ಇನ್ನೂ ಸಿಟ್ಟಾ ಮಾಕ್? ಕೈ ಇದೆ ಅಂತ ನಾನೇ ಅಲ್ವಾ ಹೇಳಿದ್ದು?"

"ಎರಡು ದಿನ ಮುಂಚೆ ಹೇಳ್ಬೇಕಿತ್ತು," ಎಂದಳು. "ತಿಂದು ತಟ್ಟೆ ತೊಳೆದಿಡು."

ಆಟವನ್ನು ಅವಳು ಬಿಟ್ಟಿಲ್ಲ. ಬಿಡಬೇಕೆಂದು ಹೇಳಿದ ಹಿರಿಯ ಮಗಳಿಗೆ, ನಿನ್ನ ಗಂಡನಿಗೆ ಮೊದಲು ಸಿಗರೇಟು ಬಿಡಿಸು ಎಂದಳು. ಈಗ ಬೇರೆ ಡಿಸ್ಕು, ಪರದೇಶದ್ದೇ ಸೈರನ್ನು. ಕಿಟಕಿಗೆ ಲುಂಗಿ ಕಟ್ಟಲು ಯಾರನ್ನೂ ಬಿಡುವುದಿಲ್ಲ. ಚಾಪೆಯ ಮೇಲೆ ಕೂರುವ ಮೊದಲು ಗಾಡಿಯ ಹಿಡಿಗೆ ಕಟ್ಟಿದ ನೈಲಾನ್ ಹಗ್ಗದ ಇನ್ನೊಂದು ತುದಿಯನ್ನು ಬಾಗಿಲ ಕೆಳಗಿನಿಂದ ಎಳೆದು ತನ್ನ ಕಾಲಿಗೆ ಬಿಗಿಯುತ್ತಾಳೆ. ಎಡವಿ ಬಿದ್ದ ಹುಡುಗರು ಬೈಯುತ್ತಾರೆ. ಅವಳು ತಿರುಗಿ ಅದಕ್ಕಿಂತ ಕೆಟ್ಟದಾಗಿ ಬೈದು, ಲಾರಿಯನ್ನು ಮೆಟ್ಟಿಲು ಹತ್ತಿಸುತ್ತಾಳೆ.