ಉಕ್ಕಡದಲ್ಲಿ ಮುದ್ದೆ ತಿರುವಿಸಿದ ಮೇಷ್ಟ್ರು

ನಮ್ಮ ಭೂಗೋಳದ ಮೇಷ್ಟ್ರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಕೊರಟಗೆರೆ ಕಡೆಯ ಗುಡ್ಡಗಳನ್ನೆಲ್ಲ ಬರಿಗಾಲಲ್ಲಿ ಹತ್ತಿಳಿದು, ಎಡವಿ ಎಡವಿ, ಅದು ಯಾವಾಗಲೋ ಉದುರಿಹೋಗಿತ್ತಂತೆ. ಪಾಠಕ್ಕೆ ನಿಂತರೆ ಮೊದಲು ಚಪ್ಪಲಿ ಬಿಡುವರು. ಮಧುಗಿರಿಯ ನಮ್ಮ ಸ್ಕೂಲಿನ ಅಂಗಳದ ಮಣ್ಣಿನಲ್ಲಿ ಆ ಬೋಳು ಬೆರಳಿನಿಂದಲೇ ಶಿರಾ, ಕೊರಟಗೆರೆ, ಪಾವಗಡಗಳ ಎಲ್ಲೆ ಎಳೆದು, “ಹೂಂ, ನಿಮ್ ನಿಮ್ ಊರಿನ ಮ್ಯಾಲೆ ಹೋಗಿ ನಿಂತ್ಕಳ್ರಿ” ಎನ್ನುವರು. ತಪ್ಪು ಜಾಗದಲ್ಲಿ ನಿಂತವನನ್ನು, “ಲೇ, ಸಂಜೆ ಮನೆಗೆ ಹೆಂಗ್ಲಾ ಹೋಗ್ತೀಯ?” ಎಂದು ನಿಜವಾದ ಕಳವಳದಿಂದ ಕೇಳುವರು.

ಆ ತರಗತಿಯಲ್ಲಿ ಹುಡುಗಿ ಎಂದರೆ ನಾನೊಬ್ಬಳೇ. ನಮ್ಮದು ಜವಳಿ ಅಂಗಡಿಯ ಮನೆ, ಲಿಂಗಪೂಜೆಯಾಗದೆ ಒಲೆ ಹಚ್ಚದ ಮನೆ. ಹನ್ನೆರಡು ತುಂಬಿದ ಮಗಳನ್ನು ಗಂಡುಹುಡುಗರ ನಡುವೆ ಕೂರಿಸಿದ್ದಕ್ಕೆ ಅಪ್ಪನಿಗೆ ದಿನಾ ಯಾರಾದರೂ ಏನಾದರೂ ಅನ್ನುತ್ತಲೇ ಇದ್ದರು. ಅಪ್ಪ ಕೆಟ್ಟವರಲ್ಲ, ಪುಕ್ಕಲು. ಅವರು ಇರುವಾಗ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧದ ಕಾಲ. ಮೇಷ್ಟ್ರು ನಮ್ಮನ್ನೆಲ್ಲ ಒಂದು ದಿನದ ಮಟ್ಟಿಗೆ ಪಾವಗಡದ ಕೋಟೆ ತೋರಿಸಲು ಕರೆದೊಯ್ಯುತ್ತೇನೆಂದರು. ಹುಡುಗಿ ಬೇಡ ಎಂದು ಹೆಡ್‌ಮಾಸ್ಟರು ಅಡ್ಡ ಹಾಕಿದರು. “ನಕ್ಷೆ ಚೆನ್ನಾಗಿ ಬರೆಯೋಳು ಅವ್ಳು. ಊರು ನೋಡೋರು ಮಾತ್ರ ಬೇರೆಯೋರಾ?” ಎಂದು ಮೇಷ್ಟ್ರು ನೆಟ್ಟಗೆ ನಮ್ಮ ಅಂಗಡಿಗೇ ಬಂದರು. ಅಪ್ಪ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಮನೆಯ ಬುತ್ತಿ ಬಿಟ್ಟು ಹೊರಗೆ ಬೆಂದದ್ದನ್ನು ನಾನು ಬಾಯಿಗಿಡಕೂಡದು. ಇಟ್ಟ ಸುದ್ದಿ ಬಂದರೆ ಅವತ್ತಿಗೇ ನನ್ನ ಸ್ಕೂಲು ಮುಗಿಯಿತು. ಮೇಷ್ಟ್ರು ನನ್ನ ಕಡೆ ನೋಡಿ, “ಕೇಳಿಸ್ಕಂಡ್ಯಾ?” ಎಂದರು. ತಲೆಯಾಡಿಸಿದೆ.

ಬೆಳಗ್ಗೆ, ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತಾ ಹೊರಟಿತು. ಪಾವಗಡದ ಛತ್ರದಲ್ಲಿ ಹಿಟ್ಟು ತಂದವರಿಗೆ ಮಾತ್ರ ಅಡುಗೆ ಮಾಡಿಕೊಡುತ್ತಿದ್ದರು. ಹಾಗಾಗಿ ಹುಡುಗರೆಲ್ಲ ತಂದ ರಾಗಿ ಹಿಟ್ಟು ಒಂದು ಚೀಲದಲ್ಲಿತ್ತು. ನನ್ನ ಮಡಿಲಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಮಿಡಿಗೇಶಿಯ ಬೆಟ್ಟದ ಕೆಳಗೆ ಬಸ್ಸು ನಿಲ್ಲಿಸಿ, ಮೇಷ್ಟ್ರು ನಮ್ಮಿಂದ ಅದರ ಚಿತ್ರ ಬರೆಸಿದರು. ಮುಂದೆ ಗಡಿ ಬಂತು.

ಪಾವಗಡ ನಮ್ಮ ಮಹಾರಾಜರದೇ. ಆದರೆ ಮಧುಗಿರಿಯಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಬ್ರಿಟಿಷರ ಮದ್ರಾಸು ಸೀಮೆಯ ಒಂದು ತುಂಡು ದಾಟಬೇಕು. ಧಾನ್ಯ ಮೈಸೂರು ಸೀಮೆ ಬಿಟ್ಟು ಹೋಗಬಾರದೆಂದು ಆಗ ಕಟ್ಟಪ್ಪಣೆ. ರಸ್ತೆಯ ಪಕ್ಕದಲ್ಲೊಂದು ತಪಾಸಣೆಯ ಗುಡಿಸಲು, ಉಕ್ಕಡ ಎನ್ನುತ್ತಿದ್ದರು. ಅಲ್ಲಿನ ಪೇದೆ ಚೀಲಕ್ಕೆ ಕೈ ಹಾಕಿದ.

“ಏನ್ ಸ್ವಾಮಿ, ಇದು ರಾಗಿ ಹಿಟ್ಟು. ಪರ್ಮಿಟ್ ಐತಾ?”

“ಹುಡುಗ್ರ ಊಟಕ್ಕೆ ಕಣಯ್ಯ. ಪಾವಗಡಕ್ಕೆ ಹೊಂಟಿದೀವಿ. ಮಹಾರಾಜ್ರ ಒಂದು ಮನೆಯಿಂದ ಇನ್ನೊಂದು ಮನೆಗೆ.”

“ಮನೆ ಎರಡೂ ಅವ್ರದೇ ಸ್ವಾಮಿ. ಮಧ್ಯದ ಬೀದಿ ಅವ್ರದಲ್ಲ. ಚೀಲ ಇಲ್ಲೇ ಬುಟ್ಟೋಗಿ.”

ಮೇಷ್ಟ್ರು ವಾದ ಮಾಡಿದರು, ಬೈದರು, ಕೊನೆಗೆ ನಕ್ಕರು. “ಹಿಟ್ಟು ಗಡಿ ದಾಟಬಾರ್ದು, ಅಷ್ಟೇ ತಾನೆ? ಹೊಟ್ಟೆ ಒಳಗಿರೋದಕ್ಕೆ ಪರ್ಮಿಟ್ ಕೇಳ್ತೀಯಾ?”

ಪೇದೆಗೆ ಮೇಲಿನಿಂದ ಅಂಥ ಅಪ್ಪಣೆಯೇನೂ ಬಂದಿರಲಿಲ್ಲ.

ಪಕ್ಕದ ಹೊಲದ ಗುಡಿಸಲಿನಿಂದ ದೊಡ್ಡ ಗಡಿಗೆ, ಮುದ್ದೆ ಕೋಲು ಬಂದವು. ಡ್ರೈವರ್ ಬಸ್ಸಿನ ಇದ್ದಿಲನ್ನೇ ಮೂರು ಕಲ್ಲಿನ ನಡುವೆ ಸುರಿದ. ನೀರು ಮರಳಿತು, ಹಿಟ್ಟು ಬಿತ್ತು. ಆಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಮುದ್ದೆ ತಿನ್ನಲು ಎಲ್ಲರಿಗೂ ಬರುತ್ತಿತ್ತು, ಗಂಟಿಲ್ಲದಂತೆ ತಿರುವಲು ಒಬ್ಬರಿಗೂ ಬಾರದು. ನಮ್ಮಜ್ಜಿ ನನಗೆ ಕೋಲು ಮುಟ್ಟಗೊಟ್ಟವರೇ ಅಲ್ಲ. ಮೇಷ್ಟ್ರೇ ಎರಡು ಸುತ್ತು ತಿರುವಿ ಕೈ ಸುಟ್ಟುಕೊಂಡರು.

“ನಂಗೆ ಬತ್ತದೆ ಸಾ” ಎಂದ ಒಬ್ಬ, ಬಸ್ಸಿನ ಹಿಂದೆ ನಿಂತುಕೊಂಡೇ. ಊರಾಚೆಯ ಕೇರಿಯ ಹುಡುಗ. ತರಗತಿಯಲ್ಲಿ ಕೊನೆಯ ಮಣೆ ಅವನದು. ತಾಯಿ ಕೂಲಿಗೆ ಹೋದರೆ ಮನೆಯಲ್ಲಿ ಬೇಯಿಸುವವನು ಅವನೇ. ಛತ್ರಕ್ಕೆ ಹೋಗಿದ್ದರೆ ಅವನಿಗೆ ಹೊರಗಿನ ಬೇಲಿಯ ಹತ್ತಿರ ಎಲೆ ಹಾಕುತ್ತಿದ್ದರು. ಅದು ನಮಗೆಲ್ಲ ಗೊತ್ತಿತ್ತು, ಯಾರಿಗೂ ಏನೂ ಅನ್ನಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

“ಹಂಗಾದ್ರೆ ನಿಂತಿದೀಯಲ್ಲೋ ದೊರೆ, ಬಂದು ತಿರುವು” ಎಂದರು ಮೇಷ್ಟ್ರು.

ಅವನು ಗಡಿಗೆಗೆ ಗೋಣಿ ಸುತ್ತಿ, ಪಾದಗಳ ನಡುವೆ ಒತ್ತಿಕೊಂಡು ತಿರುವಿದ. ಮುದ್ದೆಗಳು ನುಣ್ಣಗೆ ಹೊಳೆಯುತ್ತಾ ಮುತ್ತುಗದ ಎಲೆಯ ಮೇಲೆ ಕೂತವು. ಉಪ್ಪು, ಹುಣಸೆಹಣ್ಣು, ಹಸಿಮೆಣಸಿನಕಾಯಿ ಜಜ್ಜಿದ ಗೊಜ್ಜು. ನಾಲ್ವರು ಹುಡುಗರು ಎದ್ದು ಹೋಗಿ ಬಸ್ಸಿನಲ್ಲಿ ಕೂತರು. ಮೇಷ್ಟ್ರು ಅವರನ್ನು ತಡೆಯಲಿಲ್ಲ, ಬೈಯಲೂ ಇಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, “ನಿನ್ ಬುತ್ತಿ ನಿನ್ ತಾವೈತೆ ಕಣಮ್ಮ. ನಿಮ್ಮಪ್ಪ ಹೇಳಿದ್ದು ನೆನಪೈತೆ ತಾನೆ? ನಾನು ತಿನ್ನು ಅನ್ನಲ್ಲ, ಬ್ಯಾಡ ಅಂತಲೂ ಅನ್ನಲ್ಲ” ಎಂದರು.

ಕೇರಿಯ ಹುಡುಗ ಕೋಲು ಹಿಡಿದು ನನ್ನನ್ನೇ ನೋಡುತ್ತಿದ್ದ. ರೊಟ್ಟಿಯ ಗಂಟನ್ನು ಬಸ್ಸಿನಲ್ಲಿದ್ದವರಿಗೆ ಕೊಟ್ಟು ಬಂದು ಮುದ್ದೆಯ ಮುಂದೆ ಕೂತೆ. ಸ್ಕೂಲು ಹೋಯಿತು ಎಂದು ಗೊತ್ತಿದ್ದೇ ಮೊದಲ ತುತ್ತು ನುಂಗಿದೆ. ಪೇದೆಯೂ ಬಂದು ಪಕ್ಕದಲ್ಲಿ ಕೂತ. “ನಂಗೂ ಒಂದಿಕ್ಕಿ ಸ್ವಾಮಿ, ಸಾಕ್ಷಿ ಉಳೀಬಾರ್ದು” ಎಂದ.

ಪಾವಗಡದ ಕೋಟೆಯ ನೆತ್ತಿಯಲ್ಲಿ ಮೇಷ್ಟ್ರು ನನ್ನನ್ನು ನಿಲ್ಲಿಸಿ, “ನಕ್ಷೆಯಾಗೆ ಕೆಂಪು ಶಾಯಿಲಿ ಗಡಿ ಬರೆದಿದ್ದೆಯಲ್ಲ, ಎಲ್ಲೈತೆ ತೋರ್ಸು” ಎಂದರು. ಬಂಡೆ, ಹೊಲ, ಕೆರೆ, ಕುರಿಮಂದೆ ಎಲ್ಲ ಕಂಡವು. ಎಷ್ಟು ಹುಡುಕಿದರೂ ಗಡಿ ಸಿಗಲಿಲ್ಲ. ಅವರು ಗಂಭೀರವಾಗಿ, “ಚೆನ್ನಾಗಿ ನೋಡು, ಬಿಸಿಲಿಗೆ ಅಳಿಸೋಗೈತೇನೋ” ಎಂದರು.

ಸುದ್ದಿ ನಮಗಿಂತ ಮೊದಲೇ ಊರಲ್ಲಿ ಓಡಾಡಿತು. ನನ್ನ ರೊಟ್ಟಿ ತಿಂದವರೇ ಹಬ್ಬಿಸಿದ್ದರು. ಮಾರನೇ ದಿನ ಅಪ್ಪ ಮೇಷ್ಟ್ರನ್ನು ಅಂಗಡಿಗೆ ಕರೆಸಿದರು. ನಾಲ್ಕು ಜನ ಹಿರಿಯರು ಕೂತಿದ್ದರು. ಅಪ್ಪನ ದನಿ ಬೇಡುವಂತಿತ್ತು.

“ನನ್ ಮಗಳು ತಿನ್ನಲಿಲ್ಲ ಅಂತ ಇವರ ಮುಂದೆ ಒಂದು ಮಾತು ಹೇಳಿ ಮೇಷ್ಟ್ರೇ. ನಾಳೆನೂ ಸ್ಕೂಲಿಗೆ ಬತ್ತಾಳೆ.”

“ಅದನ್ನ ಹೇಳಬೇಕಾದೋನು ನಾನಲ್ಲ ಯಜಮಾನ್ರೆ. ಅವ್ಳನ್ನೇ ಕೇಳಿ.”

“ಎರಡು ಮುದ್ದೆ ತಿಂದೆ” ಎಂದೆ ಬಾಗಿಲ ಹಿಂದಿನಿಂದ. ತಿಂದದ್ದು ಒಂದೇ. ಸಿಟ್ಟಿಗೆ ಎರಡು ಎಂದೆ.

ಅವತ್ತಿಗೆ ಸ್ಕೂಲು ನಿಂತಿತು. ನಾನು ಒಳಮನೆಯಲ್ಲಿ ಹತ್ತಿ ಬಿಡಿಸುತ್ತಾ ಕೂತೆ. ಮೂರನೇ ದಿನ ಸಂಜೆ ನಮ್ಮ ಬೀದಿಯಲ್ಲಿ ಮೇಷ್ಟ್ರ ಗಂಟಲು ಕೇಳಿಸಿತು. ಇಣುಕಿದೆ. ನಾಲ್ಕೈದು ಹುಡುಗರನ್ನು ಕಟ್ಟಿಕೊಂಡು ನಮ್ಮ ಅಂಗಡಿಯ ಎದುರಿಗೇ ಪಾಠಕ್ಕೆ ನಿಂತಿದ್ದಾರೆ! ಮನೆ ಮುಂದೆ ಬಂದವರನ್ನು ಜಗಲಿಗೆ ಕರೆದು ಕೂರಿಸುವುದು ನಮ್ಮ ಕಡೆಯ ರೂಢಿ, ಅಪ್ಪ ವಿಧಿಯಿಲ್ಲದೆ ಕರೆದರು. ಗುಂಪಿನಲ್ಲಿದ್ದ ಕೇರಿಯ ಹುಡುಗ ಜಗಲಿ ಹತ್ತುವಂತಿರಲಿಲ್ಲ. ಆದ್ದರಿಂದ ಮೇಷ್ಟ್ರೂ ಹತ್ತಲಿಲ್ಲ. “ಬೀದಿನೇ ಅನುಕೂಲ ಯಜಮಾನ್ರೆ, ಗಾಳಿ ಬತ್ತದೆ” ಎಂದು, ಊರಿಗೆಲ್ಲ ಕೇಳುವಂತೆ ಪಾಠ ಮುಂದುವರಿಸಿದರು. ಬೀದಿ ಅಪ್ಪನದಾಗಿರಲಿಲ್ಲ.

ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೇ ಸಂಜೆ ಮೇಷ್ಟ್ರು, “ನಮ್ಮ ಜಯಮಂಗಲಿ ಹೋಗಿ ಯಾವ ನದಿ ಸೇರ್ತದೆ?” ಎಂದರು.

“ಕಾವೇರಿ ಸಾ” ಎಂದ ಒಬ್ಬ ಪೆದ್ದ.

“ಪಿನಾಕಿನಿ!” ಎಂದು ನಾನು ಒಳಗಿನಿಂದ ಕಿರುಚಿದೆ. ತಡೆಯಲಾಗಲಿಲ್ಲ.

ಬಟ್ಟೆ ಅಳೆಯುತ್ತಿದ್ದ ಅಪ್ಪನ ಕೈ ಗಜಕೋಲಿನ ಮೇಲೇ ನಿಂತಿತು. ಗಿರಾಕಿಗಳು ನಕ್ಕರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನ ಮುಖ ನೋಡದೆ ಹೇಳಿದರು: “ಬಾಗಿಲ ಹಿಂದೆ ನಿಂತು ಬೀದಿಗೆ ಕಿರುಚೋದು ಮರ್ಯಾದಸ್ಥರ ಮನೆಗೆ ಚೆಂದಲ್ಲ. ನಾಳೆಯಿಂದ ಅದೇನು ಕಿರುಚ್ತೀಯೋ, ಹೋಗಿ ಸ್ಕೂಲಲ್ಲೇ ಕಿರುಚು.”

ನಾನು ಸ್ಕೂಲಿಗೆ ಹೋದ ವಾರದಲ್ಲೇ ಮೇಷ್ಟ್ರಿಗೆ ಬುಕ್ಕಾಪಟ್ಟಣಕ್ಕೆ ವರ್ಗವಾಯಿತು. ಆಗ ಅದು ನೀರು ನೆರಳಿಲ್ಲದ ಕುರುಚಲು ಕಾಡಿನ ಊರು, ಬೇಡದವರನ್ನು ಕಳಿಸುವ ಜಾಗ. ಕೆಲವು ವರ್ಷಗಳ ಮೇಲೆ ಚಳಿಜ್ವರ ಹಿಡಿದು ಅವರು ಅಲ್ಲೇ ತೀರಿಕೊಂಡರು. ನಾನಾಗ ತುಮಕೂರಿನಲ್ಲಿ ಟೀಚರ್ ತರಬೇತಿಯಲ್ಲಿದ್ದೆ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ತಿಂಗಳು ಕಳೆದಿತ್ತು.

ಅವರ ಹೆಂಡತಿ ನನ್ನ ಗುರುತು ಹಿಡಿದರು. “ಹೆಡ್‌ಮಾಸ್ಟ್ರು ಕಾಗದ ತಂದು ಮುಂದಿಟ್ಟಿದ್ರು ಕಣಮ್ಮ. ಕೇರಿ ಹುಡುಗ ಅಡುಗೆ ಮಾಡಲಿಲ್ಲ, ಹುಡುಗಿ ತಿನ್ನಲಿಲ್ಲ ಅಂತ ಒಂದು ಗೆರೆ ಬರೆದ್ರೆ ವರ್ಗ ನಿಲ್ತಿತ್ತು. ನಾನು ಕಾಲು ಹಿಡ್ಕಂಡೆ, ಬರೀರಿ ಅಂತ. ಅದಕ್ಕವ್ರು, ಅಷ್ಟು ಚಿಕ್ಕ ಹುಡುಗಿ ಅಪ್ಪನ ಮುಂದೆ ಹೇಳ್ಬುಟ್ಟವ್ಳೆ, ನಾನು ಬರೆದ್ರೆ ಅವ್ಳು ಸುಳ್ಳುಗಾತಿ ಆಗಲ್ವಾ, ಅಂದ್ರು.”

ನನ್ನ ಸ್ಕೂಲು ಉಳಿದದ್ದು ನನ್ನ ಗಂಟಲಿನಿಂದ ಎಂದು ಅಲ್ಲಿಯವರೆಗೂ ಬೀಗಿದ್ದೆ. ಅದರ ಬೆಲೆ ಮೇಷ್ಟ್ರು ತೆತ್ತಿದ್ದರೆಂದು ಅವತ್ತೇ ಗೊತ್ತಾದದ್ದು. ಆಮೇಲೆ ಮೂವತ್ತು ವರ್ಷ ಮೇಷ್ಟರಿಕೆ ಮಾಡಿದೆ. ಒಂದು ಗೆರೆ ಬರೆದುಕೊಟ್ಟುಬಿಡಿ, ಎಲ್ಲ ತಣ್ಣಗಾಗುತ್ತೆ ಎಂದು ಎಷ್ಟೋ ಜನ ಎಷ್ಟೋ ಕಾಗದಗಳನ್ನು ನನ್ನ ಮುಂದಿಟ್ಟಿದ್ದಾರೆ. ಒಂದರ ಮೇಲೂ ನಾನು ಬರೆಯಲಿಲ್ಲ.