ಕೊಡತಿ ನಿಲ್ಲುತ್ತಿದ್ದ ಸಾಲು

ಹೋದ ವಾರ ಬಾಗಿಲಿಗೆ ಬಿಜಾಗರಿ ಬೇಕೆಂದು ಕುಮಟಾ ಪೇಟೆಗೆ ಹೋಗಿದ್ದೆ. ಅಂಗಡಿಯವನು ಬಿಜಾಗರಿ ಹುಡುಕುತ್ತ ಮೂಲೆಯಲ್ಲಿದ್ದ ಹಳೆಯ ಚೀಲವೊಂದನ್ನು ಬಿಚ್ಚಿದ. ರಾಳದ ವಾಸನೆ ಬಂತು. ಮರದ ದೋಣಿಯ ಸಂದಿಗೆ ಎಣ್ಣೆಯಲ್ಲಿ ಕುದಿಸಿ ಬಳಿಯುತ್ತಿದ್ದ ರಾಳ. ಈಗ ಇದನ್ನು ಯಾರು ಕೇಳುತ್ತಾರೆ ಅಂದೆ. ಯಾರೂ ಇಲ್ಲ ಅಂದ. ಬಿಜಾಗರಿ ಕಟ್ಟಿಸಿಕೊಂಡು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಮೇಸ್ತ್ರಿ ನೆನಪಾದರು...

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಯಿಲ್ಲ. ಮದುವೆಯಾಗಿ ಮಗಳು ಹುಟ್ಟಿದ ವರ್ಷ ಹೊನ್ನಾವರದ ಹೊಳೆದಂಡೆಯಲ್ಲಿ ಮೇಸ್ತ್ರಿಯ ಜೊತೆ ದೋಣಿ ಕೆಲಸಕ್ಕೆ ಸೇರಿದೆ. ನಾವಿಬ್ಬರೂ ಕಿರಿಸ್ತಾನರು, ಒಂದೇ ಇಗರ್ಜಿಯವರು. ನನ್ನ ದೇವರು ಭಾನುವಾರದ ಅಂಗಿಯ ಜೊತೆ ಟ್ರಂಕಿಗೆ ಹೋಗಿಬಿಡುತ್ತಿದ್ದ. ಮೇಸ್ತ್ರಿಗೆ ಹಾಗಲ್ಲ. ಉಳಿ ಮಸೆಯುವ ಮೊದಲು ಹಣೆ ಮುಟ್ಟಿಕೊಳ್ಳುವರು. ಊಟ ತರದವನು ಯಾರಾದರೂ ಇದ್ದರೆ ಡಬ್ಬಿಯ ಮುಚ್ಚಳಕ್ಕೆ ಅರ್ಧ ಅನ್ನ ಬಡಿಸಿ ಆಮೇಲೆ ತಾವು ಉಣ್ಣುವರು. ಹಲಗೆಯ ಸಂದಿಗೆ ಹತ್ತಿ ತುಂಬಿ ಕೊಡತಿಯಿಂದ ಬಡಿಯುವಾಗ ತುಟಿ ಅಲ್ಲಾಡುತ್ತಿತ್ತು. ಒಂದು ಗೇಣು ಸಂದಿಗೆ ಒಂದು ಪ್ರಾರ್ಥನೆ, ನಾವು ಇಗರ್ಜಿಯಲ್ಲಿ ಎಲ್ಲರೂ ಸೇರಿ ಹೇಳುವುದೇ. ಒಂದೊಂದು ಪದಕ್ಕೆ ಒಂದೊಂದು ಪೆಟ್ಟು. ದಂಡೆಯಲ್ಲಿ ಎಲ್ಲ ಜಾತಿಯವರೂ ಇದ್ದುದರಿಂದ ನಮ್ಮ ಮಾತು ಕನ್ನಡದಲ್ಲೇ, ಪ್ರಾರ್ಥನೆ ಮಾತ್ರ ಕೊಂಕಣಿಯಲ್ಲಿ.

"ಮೇಸ್ತ್ರಿ, ನೀವು ದೋಣಿಗೆ ತುಂಬೂದು ಹತ್ತಿಯೋ ಮಂತ್ರವೋ?" ಎಂದು ಬಲೆ ಹೆಣೆಯುವವರು ಕೆಣಕುತ್ತಿದ್ದರು.

"ಹತ್ತಿ ದೋಣಿಗೆ, ಮಂತ್ರ ನಂಗೆ. ಅದಿಲ್ದಿದ್ರೆ ಈ ಕೊಡತಿ ನಿನ್ ತಲೆ ಮೇಲೇ ಬೀಳ್ತಿತ್ತು."

ಅವರಿಗೆ ಒಬ್ಬನೇ ಮಗ. ದೋಣಿಗೆ ಹೋಗುತ್ತಿದ್ದ. ಒಂದು ವರ್ಷ ಮಳೆಗಾಲಕ್ಕೆ ಮುಂಚೆ, ಸಮುದ್ರ ಎದ್ದ ದಿನ, ಉಳಿದ ದೋಣಿಗಳೆಲ್ಲ ಹೊಳೆ ಸಮುದ್ರ ಸೇರುವ ಅಳಿವೆಯ ಹೊರಗೇ ಕಾಯುತ್ತಿದ್ದವು. ಇವನಿದ್ದ ದೋಣಿಯ ತಾಂಡೇಲ ಮಾತ್ರ, ದೋಣಿ ನಡೆಸುವವ, ಕಾಯದೆ ಒಳಗೆ ನುಗ್ಗಿಸಿದ. ಮರಳಿನ ದಿಬ್ಬಕ್ಕೆ ತಾಗಿ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಮೇಸ್ತ್ರಿಯ ಮಗ ಮರುದಿನ ದಡಕ್ಕೆ ಬಂದ. ಆ ದೋಣಿ ಕಟ್ಟಿದವರು ಮೇಸ್ತ್ರಿಯೇ.

ಮಗನನ್ನು ಮಣ್ಣು ಮಾಡಿದ ಮೂರನೆಯ ದಿನ ಅವರು ಕೆಲಸಕ್ಕೆ ಬಂದರು. ನಾನು ಉಳಿ, ಕೊಡತಿ ತೆಗೆದು ಅವರ ಮುಂದಿಟ್ಟೆ.

ಮಳೆ ಕಡಿಮೆಯಾದ ಮೇಲೆ ಒಂದು ಮಧ್ಯಾಹ್ನ ತಾಂಡೇಲ ಬಂದು ನಮ್ಮ ಕೆಲಸದ ಚಪ್ಪರದ ಹೊರಗೆ ನಿಂತ.

"ದೋಣಿ ರಿಪೇರಿ ಮಾಡಿಸ್ಬೇಕು, ಮೇಸ್ತ್ರಿ. ಬೇರೆಯವ್ರ ಹತ್ರ ಕೊಡ್ತೆ. ನಿಮ್ಗೆ ಹೇಳ್ದೇ ಕೊಡೂಕೆ ಮನಸ್ಸು ಬರ್ಲಿಲ್ಲ."

ಮೇಸ್ತ್ರಿ ಉಳಿಯ ಬಾಯನ್ನು ಹೆಬ್ಬೆರಳಿನಿಂದ ನೋಡುತ್ತಿದ್ದರು. ತಲೆ ಎತ್ತಲಿಲ್ಲ.

"ಬೇರೆಯವ್ರಿಗೆ ಎಂತಕೆ? ನಾ ಕಟ್ಟಿದ ದೋಣಿ. ಎಳ್ದು ತನ್ನಿ."

ಒಡೆದ ಹಲಗೆ ತೆಗೆದು ಹೊಸದು ಕೂರಿಸಿದೆವು. ಸಂದಿ ತುಂಬುವ ದಿನ ಬಂತು. ಕೊಡತಿ ಶುರುವಾಯಿತು, ತುಟಿಯೂ ಶುರುವಾಯಿತು. ಸ್ವಲ್ಪ ಹೊತ್ತಿಗೆ ಕೊಡತಿ ನಿಂತಿತು. ಮೊದಲಿಂದ ಶುರುವಾಯಿತು. ಮತ್ತೆ ಅಲ್ಲೇ ನಿಂತಿತು. ನನಗೂ ಬರುವ ಪ್ರಾರ್ಥನೆ ಅದು, ಪೆಟ್ಟಿನ ಲೆಕ್ಕ ಹಿಡಿದರೆ ಎಲ್ಲಿ ನಿಂತಿತೆಂದು ಗೊತ್ತಾಗುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಸಾಲು. ಅಲ್ಲಿಗೆ ಬಂದರೆ ಕೈ ಮೇಲೆತ್ತಿದ್ದು ಮೇಲೆಯೇ ಉಳಿಯುತ್ತಿತ್ತು. ಎದುರಿಗೆ ಮೀನಿನ ಬುಟ್ಟಿ ಬೋರಲು ಹಾಕಿಕೊಂಡು ತಾಂಡೇಲ ದಿನವೂ ಕೂತಿರುತ್ತಿದ್ದ. ಕೊಡತಿ ಯಾಕೆ ನಿಲ್ಲುತ್ತದೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

"ಈ ಬದಿ ನಾ ತುಂಬ್ತೆ, ನೀವು ಕೂತ್ಕಣಿ" ಅಂದೆ.

"ಬ್ಯಾಡ."

"ಆ ಸಾಲು ಬಿಟ್ಟು ಮುಂದೆ ಹೇಳಿದ್ರೆ ಆತಲ್ಲ, ಮೇಸ್ತ್ರಿ?"

ಅವರು ನನ್ನ ಮುಖ ನೋಡಿದರು. ಕಣ್ಣಲ್ಲಿ ಸಿಟ್ಟೂ ಇರಲಿಲ್ಲ, ನೀರೂ ಇರಲಿಲ್ಲ.

"ಬಿಟ್ಟು ಹೇಳೂಕೆ ಅದೆಂತ ನನ್ ಮನೆ ಪದವೋ? ಬಾಯಿಗೆ ಬರೂದಿಲ್ಲ, ಮಾರಾಯ. ಕೈಗೆ ಬರ್ತದೆ. ಸದ್ಯ ಕೈಯೇ ಹೇಳ್ಲಿ."

ಎತ್ತಿದ ಕೊಡತಿಯಿಂದ ಸಂದಿಗೆ ಬಡಿದರು. ಅಂದಿನಿಂದ ಆ ಸಾಲು ಬಂದಾಗ ತುಟಿ ಮುಚ್ಚಿರುತ್ತಿತ್ತು, ಪೆಟ್ಟು ಮಾತ್ರ ಬೀಳುತ್ತಿತ್ತು. ಬಣ್ಣ ಬಳಿದರೆ ಯಾರಿಗೂ ಕಾಣದ ಸಂದಿಗಳಿಗೂ ಅದೇ ಗಟ್ಟಿ ಪೆಟ್ಟು.

ರಿಪೇರಿಯಾದ ದೋಣಿಯನ್ನು ಮೊದಲ ಸಲ ನೀರಿಗಿಳಿಸುವಾಗ ಕೆಲಸ ಮಾಡಿದ ಬಡಗಿಯೂ ಹತ್ತಿ ಅಳಿವೆಯವರೆಗೆ ಹೋಗಿಬರುವುದು ನಮ್ಮಲ್ಲಿ ರೂಢಿ. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇದೆ ಎಂದು ತೋರಿಸಬೇಕಲ್ಲ. ಆ ದಿನ ಮೇಸ್ತ್ರಿಯನ್ನು ಯಾರೂ ಕರೆಯಲಿಲ್ಲ. ತಾಂಡೇಲ ತೆಂಗಿನಕಾಯಿ ಒಡೆದು, ಹುಟ್ಟು ಹಿಡಿದು ನಿಂತಿದ್ದ. ಮೇಸ್ತ್ರಿ ಪಂಚೆ ಮೇಲೆತ್ತಿ ಕಟ್ಟಿ ನೀರಿಗಿಳಿದು ದೋಣಿ ಹತ್ತಿದರು. ಎರಡೂ ಕೈ ತೊಡೆಯ ಮೇಲಿಟ್ಟು ಮುಂದೆ ಕೂತರು. ದೋಣಿ ಅಳಿವೆಯವರೆಗೆ ಹೋಯಿತು, ಮಗುಚಿದ ಜಾಗದಲ್ಲೇ ತಿರುಗಿತು, ಬಂತು. ಒಳಗೆ ಒಂದು ಹನಿ ನೀರಿರಲಿಲ್ಲ.

ತಾಂಡೇಲ ಅಳುತ್ತಿದ್ದ. ಮೇಸ್ತ್ರಿ ಇಳಿದು ಬಂದು, "ನನ್ ಊಟದ ಡಬ್ಬಿ ಎಲ್ಲಿಟ್ಯೋ?" ಅಂದರು. ಕೊಟ್ಟೆ. ಮುಚ್ಚಳಕ್ಕೆ ಅರ್ಧ ಅನ್ನ ಬಡಿಸಿ ತಾಂಡೇಲನ ಕಡೆ ಸರಿಸಿದರು.

ಆಮೇಲೆ ಮರದ ದೋಣಿಗಳು ಕಡಿಮೆಯಾದವು. ನಾನು ಬಾಗಿಲು ಕಿಟಕಿ ಕೆಲಸ ಹಿಡಿದೆ. ಮೇಸ್ತ್ರಿಗೆ ಕೈ ನಡುಗಲು ಶುರುವಾಗಿ ಕೆಲಸ ನಿಂತಿತು. ಆದರೂ ಪ್ರತಿ ಭಾನುವಾರ ಇಗರ್ಜಿಯಲ್ಲಿ ನನ್ನ ಮುಂದಿನ ಬೆಂಚಿನಲ್ಲೇ ಇರುತ್ತಿದ್ದರು. ಆ ಪ್ರಾರ್ಥನೆ ಬಂದಾಗ ನಾನು ಕಿವಿ ಕೊಡುತ್ತಿದ್ದೆ. ಎಲ್ಲರೂ ಒಟ್ಟಿಗೆ ಹೇಳುತ್ತಾರೆ, ಒಬ್ಬರ ದನಿ ಬೇರೆಯಾಗಿ ಕೇಳುವುದಿಲ್ಲ. ಆ ಸಾಲು ಬಾಯಿಗೆ ಬಂತೋ ಮೇಸ್ತ್ರಿ ಎಂದು ಹೊರಗೆ ಬಂದಾಗ ಕೇಳಬಹುದಿತ್ತು...

ಅವರು ಹೋಗಿ ಎರಡು ಮಳೆಗಾಲವಾಯಿತು. ಮಣ್ಣು ಹಾಕುವಾಗಲೂ ನನಗೆ ಅಳು ಬರಲಿಲ್ಲ, ಈಗಲೂ ಬರುವುದಿಲ್ಲ. ಆ ಬೆಂಚಿನಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ. ಆ ಸಾಲು ಬಂದಾಗ ನಾನು ಹೇಳುತ್ತೇನೆ, ಕೊಡತಿಯ ಒಂದು ಪೆಟ್ಟು ಬೀಳುವಷ್ಟು ತಡವಾಗಿ.